ಒಂದೇ ಹಲ್ಲಿಗೆ ಮೂರು ಎಕ್ಸ್‌ರೇ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಕೆಳಗಡೆ ಬುದ್ಧಿ ಹಲ್ಲು ಎರಡು ತಿಂಗಳಿಂದ ನೋಯ್ತಿದೆ. ಮೊದ್ಲು ಬಾಯೊಳಗೆ ಸೆನ್ಸರ್ ಇಟ್ಟು ಚಿಕ್ಕ ಎಕ್ಸ್‌ರೇ ತೆಗೆದ್ರು, ಆಮೇಲೆ ಒಪಿಜಿ ಅಂತ ಪೂರ್ತಿ ದವಡೆ ಎಕ್ಸ್‌ರೇ ಮಾಡಿಸಿ ಅಂದ್ರು, ಅದನ್ನ ನೋಡಿ ಈಗ ಸಿಬಿಸಿಟಿ ಅನ್ನೋ 3ಡಿ ಸ್ಕ್ಯಾನ್ ಬೇಕು ಅಂತಿದಾರೆ. ಇಷ್ಟೆಲ್ಲ ನಿಜವಾಗ್ಲೂ ಬೇಕಾ? ರೇಡಿಯೇಷನ್ ಭಯಾನೂ ಇದೆ.

ಉತ್ತರ: ಮೂರೂ ಒಂದೇ ಥರದ ಎಕ್ಸ್‌ರೇ ಅಂದ್ಕೊಂಡ್ರೆ ಅನುಮಾನ ಬರೋದು ಸಹಜ, ಆದ್ರೆ ಒಂದರಲ್ಲಿ ಕಾಣೋದು ಇನ್ನೊಂದರಲ್ಲಿ ಕಾಣಲ್ಲ.

ಚಿಕ್ಕದಕ್ಕೆ ಐಒಪಿಎ ಅಂತೀವಿ. ಎರಡು ಮೂರು ಹಲ್ಲು ಬೇರಿನ ತುದಿವರೆಗೂ ತುಂಬಾ ಸ್ಪಷ್ಟವಾಗಿ ಕಾಣುತ್ತೆ, ಬೇರಿನ ಬುಡದಲ್ಲಿ ಕೀವು ಇದ್ಯಾ ನೋಡೋಕೆ, ರೂಟ್ ಕೆನಾಲ್ ಮಾಡೋಕೆ ಇದೇ ಬೇಕು. ಆದ್ರೆ ಬುದ್ಧಿ ಹಲ್ಲು ಇರೋದು ತೀರಾ ಹಿಂದೆ, ಅಲ್ಲಿವರೆಗೆ ಸೆನ್ಸರ್ ತಳ್ಳಿದ್ರೆ ವಾಂತಿ ಬಂದಂಗಾಗುತ್ತೆ, ಚಿತ್ರದಲ್ಲಿ ಬೇರು ಅರ್ಧಕ್ಕೇ ಕಟ್ ಆಗಿಬಿಡುತ್ತೆ. ಅದಕ್ಕೇ ಒಪಿಜಿ. ಮಷೀನು ತಲೆ ಸುತ್ತ ತಿರುಗಿ ಎರಡೂ ದವಡೆ, ಎಲ್ಲಾ ಹಲ್ಲು ಒಂದೇ ಚಿತ್ರದಲ್ಲಿ ಕೊಡುತ್ತೆ, ಹಲ್ಲು ಯಾವ ಕಡೆ ವಾಲಿದೆ, ಮೂಳೆಯೊಳಗೆ ಎಷ್ಟು ಹೂತಿದೆ ಗೊತ್ತಾಗುತ್ತೆ. ಚಿಕ್ಕ ಹುಳುಕು ಮಾತ್ರ ಇದ್ರಲ್ಲಿ ತಪ್ಪಿಹೋಗ್ಬಹುದು. ಎರಡು ಹಲ್ಲಿನ ಸಂದಿ ಹುಳುಕಿಗೆ ಬೈಟ್‌ವಿಂಗ್ ಅಂತ ಬೇರೇನೇ ಇದೆ, ಕಚ್ಕೊಂಡು ತೆಗೆಸೋದು, ನನ್ನ ಪ್ರಕಾರ ಜನ ಕೇಳಿ ತಿಳ್ಕೋಬೇಕಾದ ಎಕ್ಸ್‌ರೇ ಅದು. ಕ್ಲಿಪ್ ಹಾಕಿಸೋರಿಗೆ ತಲೆಯ ಪಕ್ಕದಿಂದ ತೆಗೆಯೋ ಸೆಫಲೋಗ್ರಾಮ್.

ಈಗ ಸಿಬಿಸಿಟಿ ವಿಷಯ. ಕೆಳ ದವಡೆ ಮೂಳೆಯೊಳಗೆ ಒಂದು ಕಾಲುವೆ ಇದೆ, ಕೆಳತುಟಿ, ಗದ್ದಕ್ಕೆ ಸ್ಪರ್ಶ ಕೊಡೋ ನರ ಅದ್ರಲ್ಲೇ ಹೋಗುತ್ತೆ. ಕೆಲವರಿಗೆ ಬುದ್ಧಿ ಹಲ್ಲಿನ ಬೇರು ಅದಕ್ಕೆ ತಾಗ್ಕೊಂಡೇ ಇರುತ್ತೆ. ಒಪಿಜಿ ಚಪ್ಪಟೆ ಚಿತ್ರ, ಬೇರು ಕಾಲುವೆ ಎರಡರ ನೆರಳೂ ಒಂದರ ಮೇಲೊಂದು ಬಿದ್ರೆ ನರ ಕೆನ್ನೆ ಕಡೆ ಇದ್ಯಾ, ನಾಲಿಗೆ ಕಡೆ ಇದ್ಯಾ, ನಿಜಕ್ಕೂ ತಾಗಿದ್ಯಾ ಹೇಳೋಕಾಗಲ್ಲ, ಸಿಬಿಸಿಟಿ 3ಡಿ ಆಗಿರೋದ್ರಿಂದ ಅದನ್ನ ತೋರಿಸುತ್ತೆ. ಹಲ್ಲು ತೆಗೆಯುವಾಗ ನರಕ್ಕೆ ಏಟಾದ್ರೆ ತುಟಿ ಜೋಮು ಹಿಡಿಯುತ್ತೆ, ಸಾಮಾನ್ಯವಾಗಿ ಸರಿಹೋಗುತ್ತೆ, ಅಪರೂಪಕ್ಕೆ ಉಳಿದೂಬಿಡುತ್ತೆ. ಹಾಗಂತ ಎಲ್ಲರ ಬುದ್ಧಿ ಹಲ್ಲಿಗೂ ಸಿಬಿಸಿಟಿ ಬೇಕಿಲ್ಲ, ಒಪಿಜಿಲಿ ಬೇರು ನರದಿಂದ ದೂರ ಕಾಣ್ತಿದ್ರೆ ಅಷ್ಟೇ ಸಾಕು.

ರೇಡಿಯೇಷನ್ ಲೆಕ್ಕ ಹೇಳ್ತೀನಿ. ಭೂಮಿ, ಆಕಾಶ, ಗಾಳಿ, ಊಟದಿಂದಲೇ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ರೇಡಿಯೇಷನ್ ಅಳೆಯೋ ಮಾಪ, ಒಂದು ಮಿಲಿ ಅಂದ್ರೆ ಸಾವಿರ ಮೈಕ್ರೋ), ಅಂದ್ರೆ ದಿನಕ್ಕೆ 6-7 ಮೈಕ್ರೋಸೀವರ್ಟ್ ಬೀಳುತ್ತೆ. ಚಿಕ್ಕ ಡಿಜಿಟಲ್ ಎಕ್ಸ್‌ರೇ ಹೆಚ್ಚುಕಮ್ಮಿ ಒಂದು ದಿನದ್ದು, ಒಪಿಜಿ ಕೆಲವು ದಿನದ್ದು. ಸಿಬಿಸಿಟಿ ಮಾತ್ರ ಹತ್ತಾರರಿಂದ ನೂರಾರು ಮೈಕ್ರೋಸೀವರ್ಟ್‌ವರೆಗೂ ಹೋಗುತ್ತೆ, ಎಷ್ಟು ಜಾಗ ಸ್ಕ್ಯಾನ್ ಮಾಡ್ತಾರೆ ಅನ್ನೋದರ ಮೇಲೆ. ಹಾಗಾಗಿ ಪೂರ್ತಿ ಮುಖ ಬೇಡ, ಆ ಒಂದು ಭಾಗ ಮಾತ್ರ ಸಾಕಾ ಅಂತ ಕೇಳಿ. ಗರ್ಭಿಣಿ ಆಗಿದ್ರೆ ಮೊದಲೇ ಹೇಳಿ.

ಸ್ಕ್ಯಾನ್‌ಗೆ ಹೋಗೋ ಮುಂಚೆ ನಿಮ್ಮ ಒಪಿಜಿ ಎದುರಿಗಿಟ್ಟು ನರದ ಕಾಲುವೆ ಎಲ್ಲಿದೆ, ಬೇರು ಎಲ್ಲಿ ಸೇರಿದಂಗೆ ಕಾಣ್ತಿದೆ ತೋರಿಸಿ ಅಂತ ನಿಮ್ಮ ಡಾಕ್ಟ್ರನ್ನೇ ಕೇಳಿ, ಕಾಲುವೆಯ ಎರಡು ಬಿಳಿ ಗೆರೆ ಬೇರಿನ ಹತ್ರ ಅಳಿಸಿಹೋದಂಗಿದ್ರೆ ಅವರು ಸಿಬಿಸಿಟಿ ಬರೆದಿದ್ದು ಅದಕ್ಕೇ.