ಧಾರವಾಡದಲ್ಲಿ ಎದ್ದ ಸರ್ವರ್ ಗದಗಕ್ಕೆ ಯಾಕೆ ಸಿಗಲಿಲ್ಲ?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯಲ್ಲಿ ಪ್ರಧಾನ ಕಚೇರಿ ಇರುವ ಪತ್ತಿನ ಸಹಕಾರಿ ಸಂಘ. ಹೈಪರ್-ವಿ (ಒಂದೇ ಯಂತ್ರದಲ್ಲಿ ಹಲವು ಸರ್ವರ್ ಓಡಿಸುವ ಮೈಕ್ರೋಸಾಫ್ಟ್ ತಂತ್ರಾಂಶ) ಮೇಲೆ 14 ವರ್ಚುವಲ್ ಮಷಿನ್‌ಗಳಿವೆ. 9 ವಿಂಡೋಸ್, 5 ಉಬುಂಟು. ಹೈಪರ್-ವಿ ರೆಪ್ಲಿಕಾ ಮೂಲಕ ಅವು ಧಾರವಾಡದ ಡಿಆರ್ ಸೈಟ್‌ಗೆ (ಅನಾಹುತದ ದಿನಕ್ಕೆಂದು ಇರುವ ಬದಲಿ ಕೇಂದ್ರ) ನಕಲಾಗುತ್ತವೆ. ಹುಬ್ಬಳ್ಳಿಯ ಸಬ್‌ನೆಟ್ (ಐಪಿ ವಿಳಾಸಗಳ ಗುಂಪು) 10.10.20.0/24, ಧಾರವಾಡದ್ದು 10.20.20.0/24. ಕಳೆದ ಡ್ರಿಲ್‌ನಲ್ಲಿ ಹುಬ್ಬಳ್ಳಿಯನ್ನು ಬಂದ್ ಮಾಡಿ ಫೇಲ್‌ಓವರ್ ಕೊಟ್ಟೆವು, ಅಂದರೆ ಕೆಲಸವನ್ನು ಧಾರವಾಡದ ನಕಲುಗಳಿಗೆ ವಹಿಸಿದೆವು. 20 ನಿಮಿಷದಲ್ಲಿ ಎಲ್ಲ ಮಷಿನ್ ಎದ್ದವು, ಆದರೆ ಹಳೇ ಐಪಿಯಲ್ಲೇ. ಒಂದೊಂದಕ್ಕೂ ಕೈಯಿಂದ ವಿಳಾಸ ಬದಲಿಸಿದೆವು. ಆಮೇಲೂ ಗದಗ, ಹಾವೇರಿ ಶಾಖೆಗಳಿಗೆ ಸುಮಾರು ಮೂರು ತಾಸು ಸರ್ವರ್ ಸಿಗಲಿಲ್ಲ. ಧಾರವಾಡದವರಿಗೆ ಬೇಗ ಸಿಕ್ಕಿತು. ಎರಡೂ ಶಾಖೆಗಳಲ್ಲಿ ಸ್ವಂತ ಡೊಮೇನ್ ಕಂಟ್ರೋಲರ್ (ಲಾಗಿನ್, ಹೆಸರು-ವಿಳಾಸ ನೋಡಿಕೊಳ್ಳುವ ಸರ್ವರ್) ಇದೆ. ಎಲ್ಲಿ ತಪ್ಪಿದೆವು?
— ಐಟಿ ವಿಭಾಗದ ಓದುಗರು, ಹುಬ್ಬಳ್ಳಿ

ಉತ್ತರ: ‘ಮೂರು ತಾಸು’ ಎಂಬ ಮಾತೇ ದೊಡ್ಡ ಸುಳಿವು. ಆಕ್ಟಿವ್ ಡೈರೆಕ್ಟರಿಯಲ್ಲಿ (ಈ ಕಂಟ್ರೋಲರ್‌ಗಳು ಹಂಚಿಕೊಳ್ಳುವ ಮಾಹಿತಿ ಕೋಶ) ಒಂದು ಸೈಟ್‌ನಿಂದ ಇನ್ನೊಂದಕ್ಕೆ ಮಾಹಿತಿ ಹೋಗುವ ಅವಧಿಯನ್ನು ಯಾರೂ ಮುಟ್ಟದಿದ್ದರೆ ಅದು 180 ನಿಮಿಷ. ನೀವು ಧಾರವಾಡದಲ್ಲಿ ಡಿಎನ್‌ಎಸ್ ದಾಖಲೆ (ಯಾವ ಹೆಸರಿಗೆ ಯಾವ ಐಪಿ ಎಂಬುದು) ಬದಲಿಸಿದಿರಿ, ಗದಗದ ಕಂಟ್ರೋಲರ್‌ಗೆ ಅದು ಗೊತ್ತೇ ಇರಲಿಲ್ಲ. ಕೇಳಿದವರಿಗೆಲ್ಲ ಹಳೇ ವಿಳಾಸವನ್ನೇ ಕೊಡುತ್ತ ಕೂತಿತ್ತು. ಸೈಟ್ ಲಿಂಕ್‌ನಲ್ಲಿ (ಎರಡು ಸೈಟ್‌ಗಳ ನಡುವಿನ ಕೊಂಡಿಯ ಸೆಟ್ಟಿಂಗ್) ಈ ಅವಧಿಯನ್ನು 15 ನಿಮಿಷಕ್ಕೆ ಇಳಿಸಬಹುದು, ಅದಕ್ಕಿಂತ ಕಡಿಮೆ ಆಗದು. ಇನ್ನೂ ಒಳ್ಳೆಯ ದಾರಿ ಎಂದರೆ ಎಡಿಎಸ್‌ಐ ಎಡಿಟ್‌ನಲ್ಲಿ (ಆಕ್ಟಿವ್ ಡೈರೆಕ್ಟರಿ ತಿದ್ದುವ ಸಲಕರಣೆ) ಆ ಸೈಟ್ ಲಿಂಕ್‌ನ ‘ಆಪ್ಷನ್ಸ್’ ಗುಣಕ್ಕೆ 1 ಕೊಡುವುದು. ಆಗ ಬದಲಾವಣೆ ಆದ ಕೂಡಲೇ ಪಕ್ಕದ ಸೈಟ್‌ಗೆ ಸೂಚನೆ ಹೋಗುತ್ತದೆ. ಧಾರವಾಡದಿಂದ ಗದಗ, ಹಾವೇರಿಗಳಿಗೆ ನೇರ ಸೈಟ್ ಲಿಂಕ್ ಇದೆಯೇ ಎಂದೂ ನೋಡಿ. ಎಲ್ಲ ಲಿಂಕ್ ಹುಬ್ಬಳ್ಳಿಯ ಮೂಲಕವೇ ಇದ್ದರೆ, ಹುಬ್ಬಳ್ಳಿ ಬಿದ್ದ ದಿನ ಸುದ್ದಿ ಸಾಗಿಸುವವನೇ ಇಲ್ಲದೇ ಹೋಗಬಹುದು. ಫೇಲ್‌ಓವರ್ ದಿನ ಧಾರವಾಡದಿಂದ ರೆಪ್‌ಅಡ್ಮಿನ್‌ನ ಸಿಂಕ್‌ಆಲ್ (ಕಂಟ್ರೋಲರ್‌ಗಳ ಮಾಹಿತಿಯನ್ನು ಆಗಲೇ ಸರಿಹೊಂದಿಸುವ ಆಜ್ಞೆ) ಓಡಿಸುವಾಗ ದೊಡ್ಡಕ್ಷರದ ‘ಪಿ’ ಆಯ್ಕೆ ಮರೆಯಬೇಡಿ. ಅದಿಲ್ಲದಿದ್ದರೆ ಆ ಆಜ್ಞೆ ಬೇರೆಯವರಿಂದ ಎಳೆದುಕೊಳ್ಳುತ್ತದೆ, ತನ್ನದನ್ನು ತಳ್ಳುವುದಿಲ್ಲ.

ಇದರ ಮೇಲೆ ಟಿಟಿಎಲ್ (ಕಂಪ್ಯೂಟರ್ ಒಂದು ಡಿಎನ್‌ಎಸ್ ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿ) ಲೆಕ್ಕ ಬೇರೆ. ಕೈಯಿಂದ ಹಾಕಿದ ದಾಖಲೆಗೆ ವಿಂಡೋಸ್ ಡಿಎನ್‌ಎಸ್ ಕೊಡುವ ಆಯುಷ್ಯ 1 ತಾಸು. ಮಷಿನ್ ತಾನೇ ನೋಂದಾಯಿಸಿಕೊಂಡಿದ್ದಕ್ಕೆ 20 ನಿಮಿಷ. ಶಾಖೆಯವರು ಬಳಸುವ ಪ್ರತಿ ಸೇವೆಗೂ ಮಷಿನ್ ಹೆಸರಲ್ಲದ ಬೇರೊಂದು ಹೆಸರು ಕೊಟ್ಟು, ಕೈಯಿಂದ ದಾಖಲೆ ಮಾಡಿ, ಟಿಟಿಎಲ್ 300 ಸೆಕೆಂಡ್ ಇಡಿ. ಅದನ್ನು ಈಗಲೇ ಇಡಬೇಕು. ಅನಾಹುತದ ದಿನ ಇಳಿಸಿದರೆ ಶಾಖೆಯ ಕಂಪ್ಯೂಟರ್‌ಗಳು ಹಳೇ ಆಯುಷ್ಯ ಮುಗಿಯುವ ತನಕ ಹೊಸದನ್ನು ಕೇಳುವುದೇ ಇಲ್ಲ.

ಇನ್ನು ಐಪಿ. ನಿಮ್ಮ ಎರಡು ಸಬ್‌ನೆಟ್‌ಗಳ ಅಳತೆ ಒಂದೇ ಇರುವುದು ಅನುಕೂಲವಾಯಿತು. ಕೊನೆಯ ಅಂಕಿ ಎರಡೂ ಕಡೆ ಒಂದೇ ಇರಲಿ: ಹುಬ್ಬಳ್ಳಿಯ 10.10.20.25 ಧಾರವಾಡದಲ್ಲಿ 10.20.20.25. ರಾತ್ರಿ ಎರಡು ಗಂಟೆಗೆ ಪಟ್ಟಿ ಹುಡುಕದೆ ವಿಳಾಸ ಹೇಳುವಂತಿರಬೇಕು. ವಿಂಡೋಸ್ ಮಷಿನ್‌ಗಳಿಗೆ ಧಾರವಾಡದ ರೆಪ್ಲಿಕಾದ ನೆಟ್‌ವರ್ಕ್ ಅಡಾಪ್ಟರ್ ಸೆಟ್ಟಿಂಗ್‌ನಲ್ಲಿ ‘ಫೇಲ್‌ಓವರ್ ಟಿಸಿಪಿ/ಐಪಿ’ ಎಂಬ ಜಾಗವಿದೆ. ವಿಳಾಸ, ಮಾಸ್ಕ್ (ಸಬ್‌ನೆಟ್‌ನ ಅಳತೆ), ಗೇಟ್‌ವೇ (ಸಬ್‌ನೆಟ್‌ನಿಂದ ಹೊರಹೋಗುವ ಬಾಗಿಲು), ಡಿಎನ್‌ಎಸ್ ನಾಲ್ಕನ್ನೂ ತುಂಬಿ. ಡಿಎನ್‌ಎಸ್‌ನಲ್ಲಿ ಧಾರವಾಡದ ಕಂಟ್ರೋಲರ್ ಮೊದಲು ಬರಲಿ. ಮಷಿನ್ ಏಳುವಾಗ ಹೈಪರ್-ವಿ ತಾನೇ ಈ ವಿಳಾಸ ಹಾಕುತ್ತದೆ. ಲೆಗಸಿ ಅಡಾಪ್ಟರ್ (ಹಳೇ ಮಾದರಿಯ ನೆಟ್‌ವರ್ಕ್ ಕಾರ್ಡ್) ಇದ್ದರೆ ಇದು ನಡೆಯದು. ಹುಬ್ಬಳ್ಳಿ ಕಡೆಯ ಮಷಿನ್‌ನಲ್ಲೂ ಅದೇ ಜಾಗದಲ್ಲಿ ಹುಬ್ಬಳ್ಳಿಯ ವಿಳಾಸ ತುಂಬಿಡಿ. ಇದನ್ನು ಬಹಳ ಮಂದಿ ಬಿಡುತ್ತಾರೆ. ತುಂಬದಿದ್ದರೆ ವಾಪಸ್ ತರುವ ದಿನ ಮಷಿನ್ ಧಾರವಾಡದ ಐಪಿ ಹೊತ್ತುಕೊಂಡೇ ಹುಬ್ಬಳ್ಳಿಯಲ್ಲಿ ಏಳುತ್ತದೆ.

ಉಬುಂಟುಗೆ ಈ ದಾರಿಯನ್ನು ನಂಬಬೇಡಿ. ನೆಟ್‌ಪ್ಲಾನ್ (ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ವ್ಯವಸ್ಥೆ) ಇರುವಲ್ಲಿ ಹೊರಗಿನಿಂದ ತುಂಬಿದ ಐಪಿ ಕೂರದೇ ಹೋಗಬಹುದು. ಐದೂ ಮಷಿನ್‌ಗಳನ್ನು ಡಿಎಚ್‌ಸಿಪಿಗೆ (ಸರ್ವರ್ ತಾನೇ ಐಪಿ ಹಂಚುವ ವ್ಯವಸ್ಥೆ) ಹಾಕಿ. ಹೈಪರ್-ವಿಯಲ್ಲಿ ಎರಡೂ ಕಡೆ ಒಂದೇ ಸ್ಟ್ಯಾಟಿಕ್ ಮ್ಯಾಕ್ (ನೆಟ್‌ವರ್ಕ್ ಕಾರ್ಡ್‌ನ ಬದಲಾಗದ ಗುರುತು ಸಂಖ್ಯೆ) ಕೊಡಿ. ಡೈನಾಮಿಕ್ ಬಿಟ್ಟರೆ ಮ್ಯಾಕ್ ಬದಲಾಗಿ ಕಾಯ್ದಿರಿಸಿದ ವಿಳಾಸ ಸಿಗುವುದಿಲ್ಲ. ಹುಬ್ಬಳ್ಳಿಯ ಡಿಎಚ್‌ಸಿಪಿ ಸರ್ವರ್ ಆ ಮ್ಯಾಕ್‌ಗೆ ಹುಬ್ಬಳ್ಳಿಯ ವಿಳಾಸ ಕಾಯ್ದಿರಿಸಲಿ, ಧಾರವಾಡದ್ದು ಧಾರವಾಡದ ವಿಳಾಸ. ನೆಟ್‌ಪ್ಲಾನ್ ಕಡತದಲ್ಲಿ ‘ಡಿಎಚ್‌ಸಿಪಿ-ಐಡೆಂಟಿಫೈಯರ್’ಗೆ ‘ಮ್ಯಾಕ್’ ಎಂದು ಬರೆಯಲೇಬೇಕು. ಇಲ್ಲದಿದ್ದರೆ ಉಬುಂಟು ತನ್ನದೇ ಬೇರೆ ಗುರುತು ಕಳಿಸುತ್ತದೆ. ಸರ್ವರ್ ಅದನ್ನು ಅಪರಿಚಿತನೆಂದು ತಿಳಿದು ಯಾವುದೋ ವಿಳಾಸ ಕೊಡುತ್ತದೆ.

ನೀವು ಕೇಳದಿದ್ದರೂ ಹೇಳಲೇಬೇಕಾದ ಅಪಾಯ ಒಂದಿದೆ. ಹುಬ್ಬಳ್ಳಿಗೆ ಕರೆಂಟ್ ಮರಳಿದ ಕ್ಷಣ ನಿಮ್ಮ ಹಳೇ ಮಷಿನ್‌ಗಳು ತಾವಾಗಿಯೇ ಏಳುತ್ತವೆ, ಏಕೆಂದರೆ ಹೈಪರ್-ವಿಯ ಮೂಲ ಸೆಟ್ಟಿಂಗ್ ‘ಮೊದಲು ಓಡುತ್ತಿದ್ದರೆ ಮತ್ತೆ ಓಡಿಸು’ ಎಂಬುದು. ಎದ್ದವು ಡಿಎನ್‌ಎಸ್‌ನಲ್ಲಿ ತಮ್ಮ ಹೆಸರಿಗೆ ಹಳೇ ವಿಳಾಸ ಮತ್ತೆ ಬರೆಯುತ್ತವೆ. ಕಂಪ್ಯೂಟರ್ ಖಾತೆ ಅದೇ ಆದ್ದರಿಂದ ಡಿಎನ್‌ಎಸ್ ಅಡ್ಡಿ ಮಾಡುವುದಿಲ್ಲ. ಅರ್ಧ ಶಾಖೆ ಧಾರವಾಡದ ಡೇಟಾಬೇಸ್‌ಗೆ, ಅರ್ಧ ಹುಬ್ಬಳ್ಳಿಯದಕ್ಕೆ ಜಮಾ-ಖರ್ಚು ಬರೆದರೆ, ಆ ಎರಡು ಲೆಕ್ಕವನ್ನು ಕೂಡಿಸುವುದು ಸದಸ್ಯರ ಹಣದ ಪ್ರಶ್ನೆ. ಡೇಟಾಬೇಸ್ ಮಷಿನ್‌ಗಳಿಗೆ ಸ್ವಯಂ ಆರಂಭವನ್ನು ‘ಏನೂ ಮಾಡಬೇಡ’ ಎಂದಿಡಿ. ಸಾಧಾರಣ ಕರೆಂಟ್ ಹೋದ ದಿನ ಕೈಯಿಂದ ಆನ್ ಮಾಡುವ ಕಷ್ಟ ಬರುತ್ತದೆ, ಅದನ್ನು ಒಪ್ಪಿಕೊಳ್ಳಿ. ಫೇಲ್‌ಓವರ್ ನಿರ್ಧಾರವಾದೊಡನೆ ಹುಬ್ಬಳ್ಳಿಯ ರೂಟರ್‌ನ ಕೇಬಲ್ ಕಳಚುವುದು ಯಾರ ಕೆಲಸ ಎಂದು ಹೆಸರು ಸಮೇತ ಬರೆದಿಡಿ.

ಡೊಮೇನ್ ಕಂಟ್ರೋಲರ್‌ಗಳನ್ನು ರೆಪ್ಲಿಕಾ ಮಾಡಬೇಡಿ. ಧಾರವಾಡದಲ್ಲಿ ಸದಾ ಓಡುವ ಒಂದು ಇದ್ದರೆ ಸಾಕು. ಎಸ್‌ಎಂಎಸ್ ಗೇಟ್‌ವೇ, ಪ್ರಾಯೋಜಕ ಬ್ಯಾಂಕ್ ಮುಂತಾದವರು ನಿಮ್ಮ ಹುಬ್ಬಳ್ಳಿಯ ಪಬ್ಲಿಕ್ ಐಪಿಗಷ್ಟೇ ಬಾಗಿಲು ತೆರೆದಿದ್ದರೆ ಧಾರವಾಡದ್ದನ್ನೂ ಈಗಲೇ ಸೇರಿಸಲು ಪತ್ರ ಕೊಡಿ.

ಪ್ರಶ್ನೆ: ಇಷ್ಟೆಲ್ಲ ಯಾಕೆ? ಎರಡೂ ಸೈಟ್‌ಗೆ ಒಂದೇ ವಿಎಲ್ಯಾನ್ (ಎರಡೂ ಕಡೆ ಹರಡಿದ ಒಂದೇ ಸ್ಥಳೀಯ ಜಾಲ) ಎಳೆದು ಐಪಿ ಬದಲಿಸದೇ ಬಿಟ್ಟರಾಗದೇ? — ಓದುಗರು, ಹಾವೇರಿ

ಉತ್ತರ: ಹುಬ್ಬಳ್ಳಿ–ಧಾರವಾಡದ ಅಂತರ ಸುಮಾರು 20 ಕಿ.ಮೀ. ಫೈಬರ್‌ನಲ್ಲಿ ಬೆಳಕು ಹೋಗಿ ಬರಲು ಮಿಲಿಸೆಕೆಂಡಿನ ಐದನೇ ಒಂದು ಪಾಲು ಸಾಕು. ವೇಗದ ತೊಂದರೆ ಇಲ್ಲ. ತೊಂದರೆ ಬೇರೆ: ಹುಬ್ಬಳ್ಳಿಯ ಒಂದು ಸ್ವಿಚ್‌ನಲ್ಲಿ ಲೂಪ್ ಆಗಿ ದತ್ತಾಂಶ ಸುತ್ತುತ್ತಲೇ ಇದ್ದರೆ ಧಾರವಾಡವೂ ಜೊತೆಗೇ ಮಲಗುತ್ತದೆ. ರಸ್ತೆ ಅಗೆಯುವಾಗ ಫೈಬರ್ ಕಡಿದರೆ ಎರಡೂ ಕಡೆ ‘ನಾನೇ ಉಳಿದವನು’ ಎಂದುಕೊಳ್ಳುತ್ತವೆ. ಗೇಟ್‌ವೇ ಹುಬ್ಬಳ್ಳಿಯಲ್ಲೇ ಇದ್ದರಂತೂ ಧಾರವಾಡದಲ್ಲಿ ಮಷಿನ್ ಎದ್ದೂ ಉಪಯೋಗವಿಲ್ಲ.

ಐಪಿ ಬದಲಿಸಿದರೆ ಲೈಸೆನ್ಸ್ ಸಾಯುವ, ಕೋಡ್‌ನೊಳಗೇ ವಿಳಾಸ ಬರೆದಿರುವ ಹಳೇ ತಂತ್ರಾಂಶ ನಿಮ್ಮಲ್ಲಿದ್ದರೆ ಅಂಥವನ್ನಷ್ಟೇ ಒಂದು ಚಿಕ್ಕ ಸಬ್‌ನೆಟ್‌ಗೆ ಸೇರಿಸಿ, 10.10.50.0/28 ಆದರೆ 14 ವಿಳಾಸ ಸಿಗುತ್ತವೆ, ಒಂದು ಗೇಟ್‌ವೇಗೆ ಹೋದರೂ 13 ಮಷಿನ್‌ಗೆ ಜಾಗ. ಅದೇ ಸಬ್‌ನೆಟ್ ಮತ್ತು ಗೇಟ್‌ವೇಯನ್ನು ಧಾರವಾಡದಲ್ಲೂ ಸಿದ್ಧಪಡಿಸಿ ಇಂಟರ್‌ಫೇಸ್ ಮುಚ್ಚಿಡಿ. ಫೇಲ್‌ಓವರ್ ದಿನ ಹುಬ್ಬಳ್ಳಿಯ ರೂಟ್ ಹಿಂತೆಗೆದ ಮೇಲೆ ಧಾರವಾಡದ್ದನ್ನು ತೆರೆಯಿರಿ; ಈ ಕ್ರಮ ತಿರುವುಮುರುವಾಗಬಾರದು. ಆ ಸಬ್‌ನೆಟ್‌ನ ಮಷಿನ್‌ಗಳು ಹೋದರೆ ಒಟ್ಟಿಗೇ ಹೋಗಬೇಕು, ಒಂದನ್ನು ಮಾತ್ರ ಸಾಗಿಸಲು ಬರುವುದಿಲ್ಲ. ಹಾಗಾಗಿ ಒಂದಕ್ಕೊಂದು ಸಂಬಂಧವಿಲ್ಲದ ಮಷಿನ್‌ಗಳನ್ನು ಅದರೊಳಗೆ ತುಂಬಬೇಡಿ.