ಜಪಾನಿನಂಥ ಮುಂದುವರಿದ ಪ್ರಜಾಪ್ರಭುತ್ವದಲ್ಲಿ ಗಲ್ಲುಶಿಕ್ಷೆ ಇನ್ನೂ ಯಾಕಿದೆ?

ಜನ ಬೇಕು ಅನ್ನುತ್ತಾರೆ, ಅದಕ್ಕೇ ಇದೆ ಎಂಬುದು ಅಲ್ಲಿನ ಸರ್ಕಾರದ ಮಾಮೂಲಿ ಉತ್ತರ. ಅದು ಸುಳ್ಳಲ್ಲ. 2019ರ ಸರ್ಕಾರಿ ಸಮೀಕ್ಷೆಯಲ್ಲಿ ಸುಮಾರು 80% ಜನ ಗಲ್ಲುಶಿಕ್ಷೆ ಅನಿವಾರ್ಯ ಎಂದಿದ್ದರು. 1995ರಲ್ಲಿ ಟೋಕಿಯೋ ಮೆಟ್ರೋದಲ್ಲಿ ಓಮ್ ಶಿನ್ರಿಕ್ಯೋ ಪಂಥದವರು ವಿಷಾನಿಲ ಬಿಟ್ಟದ್ದನ್ನು ಜನ ಮರೆತಿಲ್ಲ. ಆ ಪಂಥದ 13 ಜನರನ್ನು 2018ರ ಜುಲೈನಲ್ಲಿ ಗಲ್ಲಿಗೇರಿಸಿದರು.

ಆದರೆ ಜನಾಭಿಪ್ರಾಯ ಒಂದೇ ಕಾರಣ ಅಂದರೆ ನಾನು ಒಪ್ಪಲ್ಲ. 1981ರಲ್ಲಿ ಫ್ರಾನ್ಸ್ ಇದನ್ನು ರದ್ದು ಮಾಡಿದಾಗ ಅಲ್ಲೂ ಹೆಚ್ಚಿನವರು ಗಲ್ಲುಶಿಕ್ಷೆಯ ಪರವೇ ಇದ್ದರು. ಅಲ್ಲಿನ ಆಗಿನ ಅಧ್ಯಕ್ಷ ಮಿತ್ತರಾಂ ಚುನಾವಣೆಗೆ ಮೊದಲೇ ತಾವು ವಿರೋಧಿ ಎಂದು ಹೇಳಿಕೊಂಡು ಗೆದ್ದಿದ್ದರು. ಜಪಾನಿನಲ್ಲಿ ಅಂಥ ಧೈರ್ಯ ತೋರಿದ ಪ್ರಧಾನಿ ಬಂದಿಲ್ಲ. ಹೊರಗಿನ ಒತ್ತಡವೂ ಕಡಿಮೆ. ಐರೋಪ್ಯ ಒಕ್ಕೂಟ ಸೇರಬೇಕಾದರೆ ಗಲ್ಲುಶಿಕ್ಷೆ ಬಿಡಲೇಬೇಕು, ಏಷ್ಯಾದಲ್ಲಿ ಅಂಥ ಷರತ್ತು ಹಾಕುವವರು ಯಾರಿದ್ದಾರೆ?

ಇನ್ನೊಂದು, ಗುಟ್ಟು. ಗಲ್ಲಿಗೇರಿಸುವುದು ಕೈದಿಗೆ ಗೊತ್ತಾಗುವುದೇ ಅದೇ ದಿನ ಬೆಳಿಗ್ಗೆ. ಮನೆಯವರಿಗೆ ತಿಳಿಯುವುದು ಎಲ್ಲ ಮುಗಿದ ಮೇಲೆ. ಕಣ್ಣಿಗೇ ಬೀಳದ್ದರ ಬಗ್ಗೆ ಚರ್ಚೆಯೂ ಜಾಸ್ತಿ ಆಗಲ್ಲ ಅಲ್ವಾ? 1968ರಲ್ಲಿ ಗಲ್ಲುಶಿಕ್ಷೆ ವಿಧಿಸಲಾಗಿದ್ದ ಇವಾವೊ ಹಕಮಾಡಾ ಎಂಬ ಕೈದಿ 2024ರಲ್ಲಿ ನಿರ್ದೋಷಿ ಎಂದು ತೀರ್ಪಾಯಿತು. ಮರುವರ್ಷವೇ ಮತ್ತೊಬ್ಬ ಕೈದಿಯನ್ನು ಗಲ್ಲಿಗೇರಿಸಿದರು.