ಇಂಗ್ಲಿಷ್ ಕವಿ ಕೀಟ್ಸ್ ಶರತ್ಕಾಲದ ಮೇಲೆ ಬರೆದ ಪದ್ಯ ‘ಟು ಆಟಮ್’ ನಮ್ಮ ಕಡೆಯವರಿಗೆ ಹಿಡಿಸುತ್ತಾ?

ಕೆಂಪಾದ ಎಲೆ ಉದುರುವ ಶರತ್ಕಾಲವನ್ನೇ ನೋಡದ ನಮಗೆ ಈ ಪದ್ಯ ಹೇಗೆ ಹಿಡಿಸೀತು ಅಂತ ಕೇಳಿದ್ದೀರಿ. ಪದ್ಯವನ್ನೇ ಇನ್ನೊಂದು ಸಲ ನೋಡಿ. ಅದರಲ್ಲಿ ಎಲೆ ಉದುರುವ ಮಾತೇ ಇಲ್ಲ. ಇರುವುದು ಹಣ್ಣು, ಕೊಯ್ಲು, ತೂರುವುದು, ಕೂಳೆ (ಕೊಯ್ದ ಮೇಲೆ ಹೊಲದಲ್ಲಿ ಉಳಿಯುವ ಬುಡ). ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆ ರಾಗಿ ಹೊಲದ ಪಕ್ಕ ಬೆಳೆದ ನನಗೆ ಇಷ್ಟು ಸಾಕಾಯಿತು.

ಮೊದಲ ಭಾಗ ನನಗೆ ಅಷ್ಟಕ್ಕಷ್ಟೇ. ದ್ರಾಕ್ಷಿ, ಸೇಬು, ಸೋರೆ, ಜೇನು ಎಲ್ಲಾ ತುಂಬಿ ಸಿಹಿ ಸ್ವಲ್ಪ ಜಾಸ್ತಿಯಾಗಿದೆ. ಎರಡನೇ ಭಾಗದಲ್ಲಿ ಸುಗ್ಗಿಕಾಲವೇ ಆಳಾಗಿ ಬಂದು ಕಣಜದ ನೆಲದ ಮೇಲೆ ಹಾಯಾಗಿ ಕೂತಿದೆ. ತೂರುವ ಗಾಳಿಗೆ ಕೂದಲು ಹಾರುತ್ತಿದೆ. ಆಮೇಲೆ ಅರ್ಧ ಕೊಯ್ದ ಸಾಲಿನಲ್ಲೇ ನಿದ್ದೆ ಹೋಗಿದೆ. ಕುಡುಗೋಲು ಮುಂದಿನ ಪಟ್ಟಿಯನ್ನೂ ಅದಕ್ಕೆ ಹಬ್ಬಿದ ಹೂಗಳನ್ನೂ ಮುಟ್ಟದೆ ಬಿಟ್ಟಿದೆ.

ಇಲ್ಲಿ ನನಗೆ ನಮ್ಮ ಅಕ್ಕಡಿ ಸಾಲು ಕಣ್ಣಿಗೆ ಕಟ್ಟಿತು. ನಮ್ಮಲ್ಲಿ ರಾಗಿ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಾರೆ. ನವೆಂಬರ್, ಡಿಸೆಂಬರ್‌ನಲ್ಲಿ ರಾಗಿ ಕೊಯ್ಯುವಾಗ ಅವರೆ ಇನ್ನೂ ಹೂವು, ಎಳೆಕಾಯಿ. ಬಗ್ಗಿ ಕೊಯ್ಯುತ್ತಾ ಬಂದವರು ಬಳ್ಳಿ ಅಡ್ಡ ಬಂದ ಕಡೆ ಎಡಗೈಯಲ್ಲಿ ಅದನ್ನು ಸರಿಸಿ, ರಾಗಿಯನ್ನಷ್ಟೇ ಹಿಡಿದು ಕೊಯ್ಯುತ್ತಾರೆ. ಕೊನೆಗೆ ಬೋಳು ಹೊಲದಲ್ಲಿ ಅವರೆ ಸಾಲು ಮಾತ್ರ ಹಸಿರಾಗಿ ನಿಂತಿರುತ್ತದೆ. ಕೀಟ್ಸ್‌ನ ಆಳು ಬಿಟ್ಟದ್ದು ನಿದ್ದೆಯಿಂದ. ನಮ್ಮವರು ಬಿಡುವುದು ಸೊಗಡಿನ ಕಾಯಿಗೆ ಒಳ್ಳೆ ರೇಟು ಸಿಗುತ್ತೆ ಅಂತ! (ತೂರುವ ಕಣ ಈಗ ಎಲ್ಲಿದೆ ಅನ್ನಬೇಡಿ. ಟಾರು ರಸ್ತೆ ಮೇಲೆ ತೆನೆ ಹರಡಿ, ಬಸ್ಸು ಲಾರಿಗಳ ಚಕ್ರದಲ್ಲೇ ಒಕ್ಕಣೆ ಮುಗಿಸುವವರು ಇದ್ದಾರೆ.)

ಕೀಟ್ಸ್ ಇದನ್ನು ಬರೆದದ್ದು 1819ರ ಸೆಪ್ಟೆಂಬರ್ 19ರಂದು, ಇಂಗ್ಲೆಂಡಿನ ವಿಂಚೆಸ್ಟರ್‌ನಲ್ಲಿ. ಆಗ ಅವನಿಗೆ 23 ವರ್ಷ. ಎರಡು ದಿನ ಬಿಟ್ಟು ಸ್ನೇಹಿತನಿಗೆ ಬರೆದ ಪತ್ರದಲ್ಲಿ, ವಸಂತದ ಚಳಿ ಹತ್ತಿಸುವ ಹಸಿರಿಗಿಂತ ಕೂಳೆ ಹೊಲವೇ ತನಗೆ ಇಷ್ಟ, ಅದು ಬೆಚ್ಚಗೆ ಕಾಣುತ್ತದೆ ಅಂದಿದ್ದಾನೆ. ಹಿಂದಿನ ವರ್ಷ ತಮ್ಮ ಟಾಮ್ ಕ್ಷಯದಿಂದ ತೀರಿಕೊಂಡಿದ್ದ. ಪದ್ಯ ಬರೆದು ಒಂದೂವರೆ ವರ್ಷದೊಳಗೆ ಇವನೂ ಅದೇ ಕಾಯಿಲೆಗೆ ರೋಮ್‌ನಲ್ಲಿ ಹೋಗಿಬಿಟ್ಟ. ಆದರೂ ಇಡೀ ಪದ್ಯದಲ್ಲಿ ‘ನಾನು’ ಅನ್ನುವುದು ಒಮ್ಮೆಯೂ ಬರುವುದಿಲ್ಲ. ಮನಸ್ಸಿನಲ್ಲಿ ಅಷ್ಟೆಲ್ಲಾ ಇದ್ದವನು ಸುಮ್ನೆ ಹೊಲ ನೋಡಿ ಬರೆದ. ಅದು ಎಲ್ಲರ ಕೈಲಿ ಆಗುವ ಕೆಲಸ ಅಲ್ಲ, ಅಲ್ವಾ?

ಒಂದು ಕಡೆ ಮಾತ್ರ ನನಗೂ ಪದ್ಯಕ್ಕೂ ತಾಳೆ ಬೀಳುವುದಿಲ್ಲ. ಕೊನೆಯ ಸಾಲಿನಲ್ಲಿ ಸ್ವಾಲೋ ಹಕ್ಕಿಗಳು ಗುಂಪು ಸೇರಿ ಆಕಾಶದಲ್ಲಿ ಚಿಲಿಪಿಲಿ ಅನ್ನುತ್ತವೆ. ಅಲ್ಲಿ ಅದು ಅವು ಊರು ಬಿಟ್ಟು ಹೊರಡುವ ಹೊತ್ತು. ಅದಕ್ಕೇ ಆ ಸಾಲನ್ನು ಅಗಲಿಕೆ ಅಂತ ಪಾಠ ಮಾಡುತ್ತಾರೆ. ಆದರೆ ನಮ್ಮ ಕಡೆಗೆ ಅದೇ ಜಾತಿಯ ಹಕ್ಕಿ ಬರುವುದೇ ಚಳಿಗಾಲಕ್ಕೆ. ರಾಗಿ ಕೊಯ್ಲಿನ ಹೊತ್ತಿಗೆ ಕರೆಂಟ್ ತಂತಿ ಮೇಲೆ ಸಾಲಾಗಿ ಕೂತಿರುತ್ತವೆ. ಹಾಗಾಗಿ ನನಗೆ ಅದು ನೆಂಟರು ಬಂದಿಳಿದ ಗದ್ದಲದ ಹಾಗೆ ಕೇಳಿಸುತ್ತದೆ. ಪರೀಕ್ಷೆಗೆ ಓದುತ್ತಿದ್ದರೆ ಇದನ್ನು ಮಾತ್ರ ಬರೆಯಬೇಡಿ, ಮಾರ್ಕ್ಸ್ ಹೋಗುತ್ತೆ.